ಜೋಳ ಜಾಸ್ತಿ ಬಂದದ್ದು ಗೊಬ್ಬರದಿಂದಲೋ, ಹೊಲದಿಂದಲೋ?

ಪ್ರಶ್ನೆ: ನಮ್ಮದು 4 ಎಕರೆ ಎರೆ ಹೊಲ. ಕಳೆದ ಹಿಂಗಾರಿಯಲ್ಲಿ ಇಳಿಜಾರಿನ ಕೆಳಗಿನ 2 ಎಕರೆ ಬಿಳಿಜೋಳಕ್ಕೆ ಹೊಸ ಜೈವಿಕ ಗೊಬ್ಬರ ಹಾಕಿದೆ, ಮೇಲಿನ 2 ಎಕರೆಗೆ ಹಾಕಲಿಲ್ಲ. ಕೆಳಗಡೆ ಜೋಳವೂ ಜಾಸ್ತಿ, ಕಣಿಕೆಯೂ ಜಾಸ್ತಿ. ಈ ಸಲ ಇಡೀ ಹೊಲಕ್ಕೆ ಹಾಕಲೇ?
– ಓದುಗರು, ಇಂಡಿ ತಾಲ್ಲೂಕು, ವಿಜಯಪುರ

ಉತ್ತರ: ಈಗಲೇ ದುಡ್ಡು ಸುರಿಯಬೇಡಿ. ಹಿಂಗಾರಿ ಜೋಳ ಬೆಳೆಯುವುದೇ ಮಣ್ಣಲ್ಲಿ ಉಳಿದ ಹಸಿಯ ಮೇಲೆ, ಆ ಹಸಿ ಇಳಿಜಾರಿನ ಕೆಳಗೆ ಜಾಸ್ತಿ, ಮೇಲಿನಿಂದ ಕೊಚ್ಚಿ ಬಂದ ಮಣ್ಣೂ ಅಲ್ಲೇ ನಿಲ್ಲುತ್ತದೆ. ಗೊಬ್ಬರ ಹಾಕದಿದ್ದರೂ ಕೆಳಗೇ ಚೆನ್ನಾಗಿ ಬರುತ್ತಿತ್ತೇನೋ, ಅಲ್ವಾ? ಗೊಬ್ಬರದ ಗುಣ, ಹೊಲದ ಗುಣ ಎರಡೂ ಕಲೆಸಿಹೋಗಿವೆ. ಈಗ ಯಾವ ಲೆಕ್ಕ ಹಾಕಿದರೂ ಅವನ್ನು ಬಿಡಿಸಲಾಗುವುದಿಲ್ಲ.

1919ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರ ಸೇರಿದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಬಿಡಿಸಿದ್ದು ಇಂಥದ್ದೇ ತೊಡಕನ್ನು. ಅವರ ದಾರಿ ನಿಮ್ಮ ಹೊಲಕ್ಕೂ ಹೊಂದುತ್ತದೆ.

ಇಳಿಜಾರಿಗೆ ಅಡ್ಡಲಾಗಿ 6 ಪಟ್ಟಿ ಮಾಡಿ. ಪ್ರತಿ ಪಟ್ಟಿಯಲ್ಲೂ ಅಕ್ಕಪಕ್ಕ 5 ಗುಂಟೆಯ ಎರಡು ತಾಕು, ಒಂದಕ್ಕೆ ಗೊಬ್ಬರ, ಇನ್ನೊಂದಕ್ಕೆ ಇಲ್ಲ. ಬೀಜ, ಬಿತ್ತುವ ದಿನ, ಎಡೆ ಹೊಡೆಯುವುದು ಎಲ್ಲ ಒಂದೇ. ಆಗ ಹಸಿ ಇರುವ ನೆಲವನ್ನು ಅಂಥದ್ದೇ ನೆಲದ ಜೊತೆ ಹೋಲಿಸಿದಂತಾಗುತ್ತದೆ.

ಯಾವ ತಾಕಿಗೆ ಗೊಬ್ಬರ ಅನ್ನುವುದನ್ನು ಮಾತ್ರ ನೀವು ಆರಿಸಬೇಡಿ. ಪ್ರತಿ ಪಟ್ಟಿಗೂ ಬೇರೆಬೇರೆಯಾಗಿ ನಾಣ್ಯ ಚಿಮ್ಮಿ, ಬಿದ್ದದ್ದನ್ನು ಒಪ್ಪಿಕೊಳ್ಳಿ. ಇದು ಸುಮ್ನೆ ಶಾಸ್ತ್ರಕ್ಕಲ್ಲ. ನಮ್ಮ ಹೊಲ ನಮಗೆ ಗೊತ್ತಿರುವುದರಿಂದ ಕೈ ತಾನಾಗೇ ಒಳ್ಳೆಯ ತಾಕಿನ ಕಡೆ ಹೋಗುತ್ತದೆ. ಇನ್ನೊಂದು ಲಾಭ ಇದಕ್ಕಿಂತ ದೊಡ್ಡದು. ಗೊಬ್ಬರದಲ್ಲಿ ಏನೂ ಸತ್ವ ಇಲ್ಲದಿದ್ದರೆ ಆರಕ್ಕೆ ಆರೂ ಪಟ್ಟಿಯಲ್ಲಿ ಗೊಬ್ಬರದ ತಾಕೇ ಗೆಲ್ಲುವ ಸಾಧ್ಯತೆ 64ರಲ್ಲಿ 1 ಮಾತ್ರ. ಒಂದೇ ಪಟ್ಟಿ ಮಾಡಿದ್ದರೆ 2ರಲ್ಲಿ 1, ಅದನ್ನು ನಂಬಿ ಸಾಲ ಮಾಡಲಾದೀತೇ? ಒಂದೇ ತಾಕಿನ 20 ತೆನೆ ತೂಗಿ ‘20 ಸಲ ನೋಡಿದೆ’ ಅನ್ನುವವರೂ ಇದ್ದಾರೆ. ಅದು ಒಂದೇ ಸಲ ನೋಡಿದ್ದು.

ಕೊಯ್ಯುವಾಗ ತಾಕಿನ ಅಂಚಿನ ಎರಡೆರಡು ಸಾಲು ಲೆಕ್ಕಕ್ಕೆ ಹಿಡಿಯಬೇಡಿ, ಪಕ್ಕದ ಗೊಬ್ಬರ ಅಲ್ಲಿಗೂ ಹರಿದಿರಬಹುದು. ಉಳಿದದ್ದನ್ನು ತಾಕುವಾರು ರಾಶಿ ಮಾಡಿ, ಚೆನ್ನಾಗಿ ಒಣಗಿಸಿ ತೂಗಿಸಿ. ಚೀಲದ ಮೇಲೆ ನಂಬರ್ ಮಾತ್ರ ಇರಲಿ, ಯಾವುದು ಗೊಬ್ಬರದ್ದು ಅಂತ ತೂಗುವವರಿಗೆ ಗೊತ್ತಾಗಬಾರದು.

ಆರೂ ಗೆದ್ದರೆ, ಹೆಚ್ಚು ಬಂದ ಜೋಳದ ಬೆಲೆ ಗೊಬ್ಬರದ ಖರ್ಚನ್ನು ಮೀರುತ್ತದೆಯೇ ನೋಡಿ. ನಾಲ್ಕೇ ಗೆದ್ದರೆ? ಬರೀ ನಾಣ್ಯದ ಆಟದಲ್ಲೇ ನಾಲ್ಕು ಅಥವಾ ಅದಕ್ಕಿಂತ ಜಾಸ್ತಿ ಗೆಲ್ಲುವುದು 64ರಲ್ಲಿ 22 ಸಲ ಆಗುತ್ತದೆ, ಆಗ ಇನ್ನೊಂದು ಹಿಂಗಾರಿ ಹೀಗೇ ಬಿತ್ತಿ ನೋಡಿ.