ಮಗನ ಬ್ಯಾಗಿನಲ್ಲಿ ವೇಪ್ ಸಿಕ್ಕಿದೆ, ಕೇಸಾಗುತ್ತದೆಯೇ?

ತಂಬಾಕು ಮತ್ತು ಇ-ಸಿಗರೇಟ್ ಕಾನೂನಿನ ಬಗ್ಗೆ ಓದುಗರು ಕೇಳಿದ ನಾಲ್ಕು ಪ್ರಶ್ನೆಗಳಿಗೆ ವಕೀಲರ ಉತ್ತರ

ಪ್ರಶ್ನೆ: ಎಂಜಿನಿಯರಿಂಗ್ ಓದುತ್ತಿರುವ ಮಗನ ಬ್ಯಾಗಿನಲ್ಲಿ ಪೆನ್ನಿನಂಥ ವೇಪ್ (ಇ-ಸಿಗರೇಟ್) ಸಿಕ್ಕಿತು. ಅವನಿಗೆ 19 ವರ್ಷ. ‘ಇದರಲ್ಲಿ ನಿಕೋಟಿನ್ ಇಲ್ಲ, ಬರೀ ಫ್ಲೇವರ್. ದೊಡ್ಡವರು ಯಾರು ಬೇಕಾದರೂ ಆನ್‌ಲೈನಿನಲ್ಲಿ ತರಿಸಿಕೊಳ್ಳಬಹುದು’ ಎನ್ನುತ್ತಾನೆ. ಹಾಸ್ಟೆಲಿನ ಗೆಳೆಯರಿಗೂ ತರಿಸಿಕೊಟ್ಟಿದ್ದಾನಂತೆ. ಪೊಲೀಸ್ ಕೇಸಾಗುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಕಳವಳ ತಂದಿದ್ದು ಗೆಳೆಯರಿಗೆ ತರಿಸಿಕೊಟ್ಟ ವಿಷಯ. ಅದಕ್ಕೆ ಬರುವ ಮೊದಲು ಮಗನ ಎರಡು ತಪ್ಪು ತಿಳಿವಳಿಕೆಗಳನ್ನು ಸರಿಪಡಿಸಬೇಕು.

ನಿಕೋಟಿನ್ ಇಲ್ಲ ಎಂಬ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಇ-ಸಿಗರೇಟ್ ನಿಷೇಧಿಸಿ ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ಹೊರಡಿಸಿತು. ಅದೇ ಡಿಸೆಂಬರಿನಲ್ಲಿ ಅದು ಕಾಯ್ದೆಯಾಯಿತು. ಯಾವುದೇ ಪದಾರ್ಥವನ್ನು ಬಿಸಿಮಾಡಿ, ಒಳಗೆಳೆದುಕೊಳ್ಳಲು ಆವಿ ಹೊರಡಿಸುವ ವಿದ್ಯುನ್ಮಾನ ಸಾಧನ, ನಿಕೋಟಿನ್ ಇರಲಿ ಬಿಡಲಿ, ಈ ಕಾಯ್ದೆಯ ಪ್ರಕಾರ ಇ-ಸಿಗರೇಟೇ. ಇ-ಹುಕ್ಕಾ ಮತ್ತು ತಂಬಾಕನ್ನು ಸುಡದೆ ಬಿಸಿಮಾಡುವ ಸಾಧನಗಳೂ ಅದರೊಳಗೆ ಬರುತ್ತವೆ.

ವಯಸ್ಸಿನ ವಾದವೂ ನಿಲ್ಲುವುದಿಲ್ಲ. ಸಿಗರೇಟಿಗಾದರೆ ಇಂಥ ವಯಸ್ಸಿನ ಮೇಲೆ ಮಾರಬಹುದು ಎಂಬ ಗೆರೆ ಇದೆ. ವೇಪ್‌ಗೆ ಆ ಗೆರೆಯೇ ಇಲ್ಲ, ಐವತ್ತು ವರ್ಷದವರಿಗೆ ಮಾರಿದರೂ ಅಪರಾಧ. ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ಹಂಚಿಕೆ, ಜಾಹೀರಾತು ಎಲ್ಲವೂ ನಿಷಿದ್ಧ. ಆನ್‌ಲೈನ್ ಮಾರಾಟಕ್ಕೂ ವಿನಾಯಿತಿ ಇಲ್ಲ. ಆ್ಯಪ್‌ನಲ್ಲಿ ಚಿತ್ರ, ಬೆಲೆ ಕಾಣಿಸುತ್ತಿದೆ ಎಂದ ಮಾತ್ರಕ್ಕೆ ಅದು ಸಕ್ರಮವಾಗುವುದಿಲ್ಲ.

ಇನ್ನು ಗೆಳೆಯರ ವಿಷಯ. ಕಾಯ್ದೆಯಲ್ಲಿ ವೇಪ್ ಸೇದುವುದಕ್ಕೆಂದೇ ಬೇರೆ ಶಿಕ್ಷೆ ಬರೆದಿಲ್ಲ. ಆದರೆ ಯಾವ ರೂಪದಲ್ಲಾಗಲಿ, ಎಷ್ಟೇ ಆಗಲಿ, ಬಳಿ ಇಟ್ಟುಕೊಳ್ಳುವುದೂ ಉಲ್ಲಂಘನೆ ಎಂಬ ನಿಲುವನ್ನು ಕೇಂದ್ರ ಆರೋಗ್ಯ ಸಚಿವಾಲಯ 2023ರಲ್ಲಿ ತಿಳಿಸಿದೆ. ಹಾಗಾಗಿ ‘ಸ್ವಂತಕ್ಕೆ ಇಟ್ಟುಕೊಂಡಿದ್ದೆ’ ಎಂಬ ಸಮರ್ಥನೆಯನ್ನು ನೆಚ್ಚಿಕೊಳ್ಳಬೇಡಿ. ಗೆಳೆಯರಿಗೆ ತರಿಸಿಕೊಡುವುದಂತೂ ಇನ್ನೂ ಗಂಭೀರ. ಒಂದು ರೂಪಾಯಿ ಲಾಭ ಇಲ್ಲದಿದ್ದರೂ ಅದನ್ನು ಹಂಚಿಕೆ ಎಂದು ನೋಡಬಹುದು. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಜೈಲು, ಜೊತೆಗೆ ಐದು ಲಕ್ಷದವರೆಗೆ ದಂಡ. ದಾಸ್ತಾನು ಇಟ್ಟರೆ ಆರು ತಿಂಗಳವರೆಗೆ ಜೈಲು ಅಥವಾ 50 ಸಾವಿರದವರೆಗೆ ದಂಡ ಅಥವಾ ಎರಡೂ. ಸ್ಥಳದ ಮಾಲೀಕ ಗೊತ್ತಿದ್ದೂ ದಾಸ್ತಾನಿಗೆ ಜಾಗ ಕೊಟ್ಟರೆ ಅದೂ ತಪ್ಪು. ಹಾಸ್ಟೆಲ್ ನಡೆಸುವವರು ಇದನ್ನು ಗಮನಿಸಬೇಕು.

ಮಗನನ್ನು ಹೆದರಿಸಲು ಇದನ್ನೆಲ್ಲ ಬರೆಯುತ್ತಿಲ್ಲ. ಬೇರೆಯವರಿಗೆ ತರಿಸಿಕೊಡುವುದನ್ನು ಇಂದೇ ನಿಲ್ಲಿಸಲಿ. ಬಿಡಲು ಕಷ್ಟವಾಗುತ್ತಿದ್ದರೆ, ನಿಕೋಟಿನ್ ಇಲ್ಲ ಎಂಬ ಮಾತೇ ಸುಳ್ಳಿರಬಹುದು. ಸಿಗರೇಟ್ ಪ್ಯಾಕಿನ ಮೇಲೆ ಅಚ್ಚಾಗುವ 1800-11-2356 ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ. ಕರೆಗೆ ಹಣವಿಲ್ಲ.

ಪ್ರಶ್ನೆ: ಶಾಲೆಯ ಗೇಟಿನಿಂದ ನನ್ನ ಪೆಟ್ಟಿಗೆ ಅಂಗಡಿಗೆ ರಸ್ತೆಯಲ್ಲಿ ನಡೆದರೆ 150 ಮೀಟರ್ ಆಗುತ್ತದೆ. ಆದರೂ ದಂಡ ಹಾಕಿದರು. ಇದು ನ್ಯಾಯವೇ?

ಉತ್ತರ: ಶಾಲೆಯ ಸುತ್ತ ಇಂತಿಷ್ಟು ದೂರದೊಳಗೆ ತಂಬಾಕು ಮಾರುವಂತಿಲ್ಲ. ಆ ದೂರದ ಅಳತೆ ಗೇಟಿನಿಂದಲ್ಲ, ನಡೆಯುವ ದಾರಿಯಲ್ಲೂ ಅಲ್ಲ. ಶಾಲೆಯ ಕಾಂಪೌಂಡ್ ಅಥವಾ ಬೇಲಿಯ ಹೊರ ಅಂಚಿನಿಂದ ಸುತ್ತಲೂ ನೇರ ಗೆರೆ ಎಳೆದು ಅಳೆಯಬೇಕು ಎನ್ನುತ್ತದೆ ನಿಯಮ. ನಿಮ್ಮ ಅಂಗಡಿ ಶಾಲೆಯ ಹಿಂಗೋಡೆಗೆ ಹತ್ತಿರವಿದ್ದರೆ, ಗೇಟು ಎಷ್ಟು ದೂರವಿದ್ದರೂ ಪ್ರಯೋಜನವಿಲ್ಲ. ಕೋಟ್ಪಾ ಎಂದು ಕರೆಯುವ 2003ರ ಕೇಂದ್ರ ತಂಬಾಕು ಕಾಯ್ದೆಯಲ್ಲಿದ್ದ ದೂರ 100 ಗಜ, ಎಂದರೆ ಸುಮಾರು 91 ಮೀಟರ್. ಕರ್ನಾಟಕದ ತಿದ್ದುಪಡಿ ಅದನ್ನು 100 ಮೀಟರ್ ಮಾಡಿದೆ. ನೇರ ಗೆರೆಯಲ್ಲಿ ಅಳೆದರೂ ನೀವು ಅದರಾಚೆ ಇದ್ದರೆ ಮಾತ್ರ ದಂಡವನ್ನು ಪ್ರಶ್ನಿಸಿ.

ಆ ತಿದ್ದುಪಡಿಯ ಬಗ್ಗೆ ಅಂಗಡಿಯವರಿಗೆ ಇನ್ನೂ ಸರಿಯಾಗಿ ತಲುಪಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ವಿಧಾನಮಂಡಲ 2024ರಲ್ಲಿ ಒಪ್ಪಿದ ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದಿದ್ದು 2025ರ ಮೇ ತಿಂಗಳಲ್ಲಿ. ಈಗ ರಾಜ್ಯದಲ್ಲಿ 18 ಅಲ್ಲ, 21 ತುಂಬದವರಿಗೆ ಬೀಡಿ, ಸಿಗರೇಟು, ಜಗಿಯುವ ತಂಬಾಕು ಯಾವುದನ್ನೂ ಮಾರುವಂತಿಲ್ಲ. ಬಿಡಿ ಸಿಗರೇಟು ಮಾರುವಂತಿಲ್ಲ. 200 ರೂಪಾಯಿ ಇದ್ದ ದಂಡದ ಮಿತಿ 1,000ಕ್ಕೆ ಏರಿದೆ.

ಬಿಡಿ ಸಿಗರೇಟೇ ಅಂಗಡಿಯ ವ್ಯಾಪಾರ ಎಂದು ನೀವು ಹೇಳಬಹುದು. ಆ ಕಷ್ಟ ನನಗೆ ಅರ್ಥವಾಗುತ್ತದೆ, ಆದರೂ ಈ ನಿಯಮದ ಪರ ನಾನಿದ್ದೇನೆ. ಪ್ಯಾಕಿನ ಶೇ 85ರಷ್ಟು ಜಾಗದಲ್ಲಿ ಅಚ್ಚಾಗುವ ಎಚ್ಚರಿಕೆಯ ಚಿತ್ರ ಒಂದೊಂದೇ ಕೊಳ್ಳುವವನ ಕಣ್ಣಿಗೆ ಬೀಳುವುದೇ ಇಲ್ಲ. ಪೂರ್ತಿ ಪ್ಯಾಕಿಗೆ ಹಣವಿಲ್ಲದ ಹುಡುಗ ಚಟ ಕಲಿಯುವುದು ಆ ಒಂದು ಸಿಗರೇಟಿನಿಂದಲೇ.

ವಯಸ್ಸಿನ ಪುರಾವೆಯ ಹೊಣೆ ಮಾರುವವನದು. ‘ದೊಡ್ಡವನಂತೆ ಕಂಡ’ ಎಂದರೆ ಸಾಲದು, ಅನುಮಾನ ಬಂದರೆ ಗುರುತಿನ ಚೀಟಿ ಕೇಳಿ. ‘ಅಪ್ಪ ಬೀಡಿ ಕಟ್ಟು ತರಲು ಹೇಳಿದ್ದಾರೆ’ ಎಂದು ಬರುವ ಮಕ್ಕಳ ವಿಷಯದಲ್ಲಂತೂ ತುಂಬಾ ಎಚ್ಚರ ಬೇಕು. ಮಗುವಿನ ಕೈಗೆ ತಂಬಾಕು ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಪ್ರಕಾರ ಏಳು ವರ್ಷದವರೆಗೆ ಕಠಿಣ ಸಜೆ ಮತ್ತು ಒಂದು ಲಕ್ಷದವರೆಗೆ ದಂಡ ಬೀಳಬಹುದು. ಸಾವಿರ ರೂಪಾಯಿ ಕಟ್ಟಿ ಮುಗಿಸುವ ಪ್ರಕರಣ ಅದಲ್ಲ. ಶಾಲೆಯ ಬಿಡುವಿನಲ್ಲಿ ನಿಮ್ಮ ಮಗನನ್ನೇ ಗಲ್ಲಾದಲ್ಲಿ ಕೂರಿಸಿ ಮಾರಿಸುವುದೂ ನಿಷಿದ್ಧ.

ಪ್ರಶ್ನೆ: ನಮ್ಮ ಕಚೇರಿಯ ಮೆಟ್ಟಿಲ ಬಳಿ ಆ್ಯಶ್‌ಟ್ರೇ ಇಟ್ಟು ‘ಸ್ಮೋಕಿಂಗ್ ಝೋನ್’ ಎಂದು ಬರೆದಿದ್ದಾರೆ. ನಾನು ಗರ್ಭಿಣಿ, ದಿನಾ ಆ ಹೊಗೆಯಲ್ಲೇ ಹತ್ತಿಳಿಯಬೇಕು. ದೂರು ಕೊಡಬಹುದೇ?

ಉತ್ತರ: ಖಂಡಿತ ಕೊಡಬಹುದು, ತಡಮಾಡಬೇಡಿ. 2008ರ ಅಕ್ಟೋಬರ್ 2ರಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ಕೆಲಸದ ಸ್ಥಳವೂ ಸಾರ್ವಜನಿಕ ಸ್ಥಳ. ಪ್ರತ್ಯೇಕ ಧೂಮಪಾನ ಜಾಗಕ್ಕೆ ಅವಕಾಶವಿರುವುದು ವಿಮಾನ ನಿಲ್ದಾಣ, 30 ಅಥವಾ ಹೆಚ್ಚು ಕೋಣೆಗಳ ಹೋಟೆಲ್, 30 ಅಥವಾ ಹೆಚ್ಚು ಜನ ಕೂರುವ ರೆಸ್ಟೋರೆಂಟ್‌ಗಳಲ್ಲಿ ಮಾತ್ರ. ಕಚೇರಿ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ನಿಮ್ಮಲ್ಲಿನ ಬೋರ್ಡಿಗೆ ಕಾನೂನಿನ ಆಧಾರವಿಲ್ಲ. ಸೇದಲು ಅನುಕೂಲವಾಗುವಂತೆ ಆ್ಯಶ್‌ಟ್ರೇ, ಬೆಂಕಿಪೊಟ್ಟಣ, ಲೈಟರ್ ಇಡುವುದೂ ನಿಯಮಕ್ಕೆ ವಿರುದ್ಧ.

ಸೇದಿದವರಿಗೆ ದಂಡ ಎಂಬುದು ಎಲ್ಲರಿಗೂ ಗೊತ್ತು. ಸ್ಥಳದ ಉಸ್ತುವಾರಿಯವರೂ ಹೊಣೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ, ನಿಮ್ಮ ಬಲ ಇರುವುದೇ ಅಲ್ಲಿ. ಪ್ರವೇಶದ್ವಾರದಲ್ಲಿ, ಪ್ರತಿ ಮಹಡಿಯಲ್ಲಿ, ಮೆಟ್ಟಿಲ ಬಳಿ, ಲಿಫ್ಟ್ ಬಳಿ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಧೂಮಪಾನ ನಿಷೇಧ ಫಲಕ ಇರಬೇಕು, ದೂರು ಯಾರಿಗೆ ಕೊಡಬೇಕು ಎಂದು ಹೆಸರು ಹಾಕಿರಬೇಕು. ದೂರು ಬಂದರೂ ಉಸ್ತುವಾರಿ ಸುಮ್ಮನಿದ್ದರೆ, ಅಲ್ಲಿ ನಡೆದ ಉಲ್ಲಂಘನೆಗಳ ಸಂಖ್ಯೆಗೆ ತಕ್ಕಷ್ಟು ದಂಡ ಅವರ ತಲೆಗೇ ಬರುತ್ತದೆ. ಆದ್ದರಿಂದ ಸೇದುವ ಸಹೋದ್ಯೋಗಿಯೊಂದಿಗೆ ಜಗಳಕ್ಕಿಳಿಯದೆ ಮ್ಯಾನೇಜರಿಗೆ ಇ-ಮೇಲ್ ಬರೆಯಿರಿ. ಫೋಟೊ, ದಿನಾಂಕ ಇರಲಿ. ಅವರು ಕದಲದಿದ್ದರೆ ಅದೇ ಇ-ಮೇಲಿನೊಂದಿಗೆ ಪೊಲೀಸ್ ಠಾಣೆಗೆ ಅಥವಾ ಜಿಲ್ಲೆಯ ತಂಬಾಕು ನಿಯಂತ್ರಣ ಕೋಶಕ್ಕೆ ಹೋಗಿ.

ಪ್ರಶ್ನೆ: ಪಕ್ಕದ ಫ್ಲ್ಯಾಟಿನವರು ತಮ್ಮ ಬಾಲ್ಕನಿಯಲ್ಲಿ ಸೇದುತ್ತಾರೆ. ಹೊಗೆ ನಮ್ಮ ಮನೆಯೊಳಗೆ ಬರುತ್ತದೆ. ಅವರಿಗೂ ದಂಡ ಹಾಕಿಸಬಹುದೇ?

ಉತ್ತರ: ಇಲ್ಲ. ಅವರ ಮನೆ ಸಾರ್ವಜನಿಕ ಸ್ಥಳವಲ್ಲ, ಬಾಲ್ಕನಿಯೂ ಮನೆಯ ಭಾಗವೇ. ಕೋಟ್ಪಾ ಅಲ್ಲಿಗೆ ತಲುಪುವುದಿಲ್ಲ. ನೇರವಾಗಿ ಮಾತಾಡಿ ನೋಡಿ. ಆಗದಿದ್ದರೆ ನಿವಾಸಿಗಳ ಸಂಘದ ಸಭೆಗೆ ಲಿಖಿತ ಮನವಿ ಕೊಟ್ಟು, ಬೈಲಾದಲ್ಲಿ ನಿಯಮ ಸೇರಿಸಲು ಕೇಳಿ.