ಮಗು ಅಮ್ಮನಿಗೆ ಕಲಿಸುವ ಪಾಠ

ಪ್ರಶ್ನೆ: ನಾನು ಬಿ.ಎ. ಮೊದಲ ವರ್ಷದಲ್ಲಿ ಮನೋವಿಜ್ಞಾನ ಓದುತ್ತಿದ್ದೇನೆ. ‘ಋಣಾತ್ಮಕ ಪುನರ್ಬಲನ (ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್) ಅಂದರೆ ಶಿಕ್ಷೆ’ ಎಂದು ಟೆಸ್ಟ್‌ನಲ್ಲಿ ಬರೆದೆ, ಸೊನ್ನೆ ಬಂತು. ನೆಗೆಟಿವ್ ಅಂದ ಮೇಲೆ ಕೆಟ್ಟದ್ದೇ ಅಲ್ವಾ?
– ವಿದ್ಯಾರ್ಥಿನಿ, ಹಾಸನ

ಉತ್ತರ: ಅಲ್ಲ. ತುಂಬಾ ಜನ ಎಡವುವ ಜಾಗ ಇದು, ಬೇಜಾರು ಬೇಡ. ಇಲ್ಲಿ ಋಣ ಅಂದರೆ ಲೆಕ್ಕದ ಮೈನಸ್, ಏನನ್ನೋ ತೆಗೆಯುವುದು, ಅಷ್ಟೇ. ಪುನರ್ಬಲನ ಅಂದರೆ ಒಂದು ವರ್ತನೆ ಜಾಸ್ತಿಯಾಗಬೇಕು, ಶಿಕ್ಷೆ ಅಂದರೆ ಕಡಿಮೆಯಾಗಬೇಕು. ಸೀಟ್ ಬೆಲ್ಟ್ ಹಾಕುವ ತನಕ ಕಾರು ಕೀಂ ಕೀಂ ಅನ್ನುತ್ತಲೇ ಇರುತ್ತದೆ, ಹಾಕಿದ ತಕ್ಷಣ ಸುಮ್ಮನಾಗುತ್ತದೆ, ಹೀಗೆ ನಾಲ್ಕು ದಿನ ಆದರೆ ಕೂತ ಕೂಡಲೇ ಕೈ ತಾನಾಗಿ ಬೆಲ್ಟಿಗೆ ಹೋಗುತ್ತದೆ. ಕಿರಿಕಿರಿ ಹೋಯಿತು, ಅಭ್ಯಾಸ ಬಲವಾಯಿತು. ಇದು ಋಣಾತ್ಮಕ ಪುನರ್ಬಲನ. ಬೆಲ್ಟ್ ಇಲ್ಲದೆ ಓಡಿಸಿ ದಂಡ ಕಟ್ಟಿದಿರಿ, ಹಾಗೆ ಓಡಿಸುವುದು ಕಡಿಮೆಯಾಯಿತು, ಅದು ಶಿಕ್ಷೆ.

ಪ್ರಶ್ನೆ: ಮೂರು ವರ್ಷದ ಮಗಳು ಊಟಕ್ಕೆ ಕೂತರೆ ಮೊಬೈಲ್ ಬೇಕೆಂದು ಅಳುತ್ತಾಳೆ. ಎಷ್ಟೋ ಸಲ ಗಟ್ಟಿಯಾಗಿರುತ್ತೇನೆ. ಯಾವಾಗಲೋ ಒಮ್ಮೆ ಕೊಟ್ಟುಬಿಡುತ್ತೇನೆ. ಒಂದು ಸಲಕ್ಕೆ ಏನಾಗುತ್ತದೆ?
– ತಾಯಿ, ದಾವಣಗೆರೆ

ಉತ್ತರ: ಮೇಲಿನ ಉತ್ತರವನ್ನು ನೀವೂ ಓದಿ, ನಿಮ್ಮ ಮನೆಯಲ್ಲಿ ನಡೆಯುತ್ತಿರುವುದು ಅದೇ. ಅತ್ತರೆ ಮೊಬೈಲ್ ಸಿಗುತ್ತದೆ ಎಂದು ಮಗು ಕಲಿಯುತ್ತದೆ. ಮೊಬೈಲ್ ಕೊಟ್ಟರೆ ಅಳು ನಿಲ್ಲುತ್ತದೆ ಎಂದು ನೀವು ಕಲಿಯುತ್ತೀರಿ, ಬೆಲ್ಟ್ ಹಾಕಿದರೆ ಕೀಂ ಕೀಂ ನಿಂತ ಹಾಗೆ. ದಣಿದು ಮನೆಗೆ ಬಂದವರಿಗೆ ಆ ಎರಡು ನಿಮಿಷದ ಮೌನ ಎಷ್ಟು ದೊಡ್ಡದು ಎಂದು ನನಗೆ ಗೊತ್ತು, ಅದಕ್ಕೇ ಈ ಅಭ್ಯಾಸ ಇಷ್ಟು ಬೇಗ ಬೇರು ಬಿಡುತ್ತದೆ.

ಆದರೆ ‘ಯಾವಾಗಲೋ ಒಮ್ಮೆ’ ಕೊಡುವುದೇ ನಿಜವಾದ ತೊಡಕು. 1930ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಇಲಿಗಳಿಗೆ ಸನ್ನೆ (ಲಿವರ್) ಒತ್ತಿದಾಗಲೆಲ್ಲ ಆಹಾರದ ಗುಳಿಗೆ ಸಿಗುವ ಹಾಗೆ ಮಾಡಿದ್ದರು. ಆ ಗುಳಿಗೆಗಳನ್ನು ಅವರೇ ಕೂತು ಮಾಡಬೇಕಿತ್ತು. ಒಂದು ಶನಿವಾರ ನೋಡಿದರೆ ಸೋಮವಾರದ ಹೊತ್ತಿಗೆ ದಾಸ್ತಾನು ಖಾಲಿಯಾಗುವ ಹಾಗಿತ್ತು. ಸರಿ, ನಿಮಿಷಕ್ಕೆ ಒಂದೇ ಕೊಡೋಣ ಅಂದುಕೊಂಡರು. ಇಲಿಗಳು ಸನ್ನೆ ಒತ್ತುವುದನ್ನು ಬಿಡಲೇ ಇಲ್ಲ. ಹೀಗೆ ಆಗೊಮ್ಮೆ ಈಗೊಮ್ಮೆ ಸಿಕ್ಕಿ ಕಲಿತದ್ದು, ಆಮೇಲೆ ಕೊಡುವುದನ್ನು ಪೂರ್ತಿ ನಿಲ್ಲಿಸಿದರೂ, ಪ್ರತಿ ಸಲ ಸಿಕ್ಕಿ ಕಲಿತದ್ದಕ್ಕಿಂತ ತಡವಾಗಿ ಮರೆಯಾಗುತ್ತದೆ. ಇನ್ನೂ ಸ್ವಲ್ಪ ಅತ್ತರೆ ಸಿಗಬಹುದು ಎಂದು ನಿಮ್ಮ ಮಗಳು ಕಾಯುವುದೂ ಹೀಗೆಯೇ.

ಕೊಡುವುದನ್ನು ನಿಲ್ಲಿಸಿದ ಮೊದಲ ದಿನಗಳಲ್ಲಿ ಅಳು ಜಾಸ್ತಿಯಾಗಬಹುದು, ಗಾಬರಿಯಾಗಬೇಡಿ. ಆಗ ಸೋತರೆ ಜೋರಾಗಿ ಅತ್ತರೆ ಮಾತ್ರ ಸಿಗುತ್ತದೆ ಎಂದು ಕಲಿಸಿದ ಹಾಗೆ. ಕೊಡಲೇಬೇಕು ಅನಿಸಿದರೆ ಊಟ ಮುಗಿದ ಮೇಲೆ, ಅವಳು ನಗುತ್ತಾ ಆಡುತ್ತಿರುವಾಗ ನೀವಾಗಿಯೇ ಕೊಡಿ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಅವರಿಗೂ ಹೇಳಿ, ಒಬ್ಬರು ಬೇಡ ಅಂದು ಇನ್ನೊಬ್ಬರು ಕೊಟ್ಟರೂ ಅದು ‘ಆಗೊಮ್ಮೆ ಈಗೊಮ್ಮೆ’ಯೇ.

ಪ್ರಶ್ನೆ: ರಷ್ಯಾದ ವಿಜ್ಞಾನಿ ಪಾವ್ಲೋವ್‌ಗೆ ನೊಬೆಲ್ ಬಂದದ್ದು ನಾಯಿ ಜೊಲ್ಲು ಸುರಿಸಿದ ಪ್ರಯೋಗಕ್ಕೇನಾ?
– ಓದುಗ, ಶಿರಸಿ

ಉತ್ತರ: ಅಲ್ಲ. 1904ರಲ್ಲಿ ಅವರಿಗೆ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಕೆಲಸಕ್ಕೆ. ಅವರು ಶರೀರಶಾಸ್ತ್ರಜ್ಞರು. ಊಟ ಬಾಯಿಗೆ ಬೀಳುವ ಮೊದಲೇ, ಊಟ ತರುವವರನ್ನು ಕಂಡೇ ನಾಯಿಗಳು ಜೊಲ್ಲು ಸುರಿಸುವುದು ಆ ಕೆಲಸದ ನಡುವೆ ಅವರ ಕಣ್ಣಿಗೆ ಬಿತ್ತು. ಮುಂದೆ ವರ್ಷಗಟ್ಟಲೆ ಅದರ ಹಿಂದೆಯೇ ಹೋದರು.