ಬ್ಯಾಡ್ಜರ್ ಅನ್ನೋ ಪ್ರಾಣಿಯ ಕೂದಲಿನ ಶೇವಿಂಗ್ ಬ್ರಷ್ ನಿಜಕ್ಕೂ ಅಷ್ಟು ಮೆತ್ತಗಿರುತ್ತಾ? ತೀರ್ಥಹಳ್ಳಿ ಕಡೆಯ ಮಳೆಗಾಲಕ್ಕೆ ಸರಿಹೋಗುತ್ತಾ?

ಅದು ಕೂದಲಿನ ದರ್ಜೆ ಮೇಲೆ ಹೋಗುತ್ತದೆ. 'ಪ್ಯೂರ್' ಅಂತ ಬರೆದಿದ್ದರೆ ಅದೇ ಮೇಲು ಅಂದುಕೊಳ್ಳಬೇಡಿ, ಸಾಮಾನ್ಯವಾಗಿ ಅದು ಕೆಳಗಿನ ದರ್ಜೆ. ಕೂದಲು ಗಡಸು, ಕೆನ್ನೆಗೆ ಸ್ವಲ್ಪ ಚುಚ್ಚುತ್ತದೆ. 'ಸಿಲ್ವರ್‌ಟಿಪ್' ಬೇರೆಯೇ. ತುದಿ ಬೆಳ್ಳಗೆ, ಅದರ ಕೆಳಗೆ ಕಪ್ಪು ಪಟ್ಟಿ. ಬಿಸಿನೀರಲ್ಲಿ ಅದ್ದಿ ಸೋಪಿನ ಮೇಲೆ ತಿರುಗಿಸಿ ಕೆನ್ನೆಗಿಟ್ಟರೆ ನೊರೆ ಯಾವುದು, ಕೂದಲು ಯಾವುದು ಗೊತ್ತಾಗುವುದಿಲ್ಲ.

ಆದರೆ ಬರೀ ಮೆತ್ತಗಿದ್ದರೆ ಸಾಲದು. ಒತ್ತಿದಾಗ ಬಾಗಿ, ಬಿಟ್ಟಾಗ ಎದ್ದು ನಿಲ್ಲಬೇಕು. ಇಲ್ಲದಿದ್ದರೆ ಸುಮ್ನೆ ಒದ್ದೆ ಬಟ್ಟೆ ಸವರಿದ ಹಾಗೆ. ಹೊಸ ಬ್ರಷ್‌ನ ಪ್ರಾಣಿ ವಾಸನೆ ನಾಲ್ಕಾರು ಸಲ ನೊರೆ ಮಾಡಿದರೆ ಹೋಗುತ್ತದೆ.

ಮಳೆಗಾಲದ್ದೇ ತಾಪತ್ರಯ. ಈ ಕೂದಲು ನೀರು ಜಾಸ್ತಿ ಹಿಡಿಯುತ್ತದೆ. ಆಷಾಢದಲ್ಲಿ ಬಟ್ಟೆಯೇ ಒಣಗದ ನಮ್ಮ ಕಡೆ ಬುಡಕ್ಕೆ ಬೂಷ್ಟು ಬರುತ್ತದೆ, ಅಲ್ವಾ? ತೊಳೆದು, ಜೋರಾಗಿ ಕೊಡವಿ, ಟವೆಲಿಗೆ ಒರೆಸಿ, ಬಚ್ಚಲಿನಿಂದ ಹೊರಗೆ ಗಾಳಿಯಾಡುವ ಕಡೆ ಇಡಿ. ಹಂಡೆಯ ಕುದಿಯುವ ನೀರಿಗೆ ಅದ್ದಬೇಡಿ, ಬುಡದ ಅಂಟು ಬಿಟ್ಟು ಕೂದಲು ಉದುರುತ್ತದೆ. ನನ್ನನ್ನು ಕೇಳಿದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಿಂಥೆಟಿಕ್ ಬ್ರಷ್ಷೇ ವಾಸಿ, ಬೇಗ ಒಣಗುತ್ತದೆ.